ಹಕ್ಕಿಗೆ 600, ಅಜ್ಜಿಗೆ 50

ಪತ್ರಿಕೆಗಳ ಶ್ರದ್ಧಾಂಜಲಿ ಪುಟದ ಫೋಟೊಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಎಷ್ಟೋ ಫೋಟೊಗಳ ಅಂಚಿನಲ್ಲಿ ಇನ್ಯಾರದೋ ಭುಜ ಇಣುಕುತ್ತಿರುತ್ತದೆ. ರೇಷ್ಮೆ ಸೆರಗಿನ ಒಂದು ತುಣುಕು, ಹಿಂದೆ ಮಂಟಪದ ಸೇವಂತಿಗೆ ಮಾಲೆ. ಯಾರದೋ ಆರತಕ್ಷತೆಯ ಗುಂಪಿನಿಂದ ಮುಖವನ್ನಷ್ಟೇ ಕತ್ತರಿಸಿ ತೆಗೆದದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅದೂ ಇಲ್ಲದಿದ್ದರೆ ಬ್ಯಾಂಕಿಗೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜಿನದನ್ನೇ ಹಿಗ್ಗಿಸಿ, ಹಿಂದಕ್ಕೆ ನೀಲಿ ಬಣ್ಣ ಬಳಿದದ್ದು. ಮನೆಯಲ್ಲಿ ಕ್ಯಾಮೆರಾ ಇಲ್ಲದ ಕಾಲದ ಮಾತಾಗಿದ್ದರೆ ಇದನ್ನು ಒಪ್ಪಬಹುದಿತ್ತು. ಮಗನೋ ಮೊಮ್ಮಗಳೋ ಹತ್ತು ವರ್ಷದಿಂದ ಭಾನುವಾರ ತಪ್ಪದೆ ಕೆರೆ ಏರಿ ಸುತ್ತುವ ಹವ್ಯಾಸಿ ಛಾಯಾಗ್ರಾಹಕರಾಗಿರುವ ಮನೆಗಳಲ್ಲೂ ಇದೇ ಆಗುತ್ತಿದೆ ಎನ್ನುವುದು ಕಾಡುವ ವಿಷಯ. ಹಾರ್ಡ್ ಡಿಸ್ಕಿನಲ್ಲಿ ಮಿಂಚುಳ್ಳಿಯ ಕಣ್ಣಿನ ಹೊಳಪಿದೆ, ಕಳ್ಳಿಪೀರದ ಕೊಕ್ಕಿನಲ್ಲಿರುವ ದುಂಬಿಯ ಕಾಲು ಎಣಿಸಬಹುದು. ಅಪ್ಪನ ಮುಖ ಮಾತ್ರ ಸರಿಯಾದದ್ದು ಒಂದೂ ಇಲ್ಲ.

ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ನಂದು ನೇಚರ್, ಪೋರ್ಟ್ರೇಟ್ ಅಲ್ಲ.' ಎರಡೂ ಬೇರೆ ಬೇರೆ ವಿದ್ಯೆ, ಬೇರೆ ಲೆನ್ಸು, ಬೇರೆ ಮನಸ್ಥಿತಿ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಗಟ್ಟಿಯಾಗಿ ಕೂತಿದೆ. ನನಗೆ ಹಾಗನ್ನಿಸುವುದಿಲ್ಲ. ಹಕ್ಕಿಯ ಮುಂದೆ ಕಲಿತದ್ದೆಲ್ಲ ಜಗಲಿಯ ಮೇಲೂ ನಡೆಯುತ್ತದೆ. ಲೆಕ್ಕವೂ ಒಂದೇ, ತಪ್ಪುಗಳೂ ಅವೇ, ಕಾಯುವ ಕ್ರಮವೂ ಅದೇ. ಹಕ್ಕಿಗೆ ಕೊಡುವ ಒಂದೂವರೆ ಗಂಟೆಯನ್ನು ಅಜ್ಜಿಗೆ ಕೊಡುವುದಿಲ್ಲ, ಅಷ್ಟೇ.

ಮೂರು ಬೆರಳಿನ ಅಗಲ

ಲೆಕ್ಕದಿಂದಲೇ ಶುರು ಮಾಡೋಣ. ಹೆಚ್ಚಿನ ಹವ್ಯಾಸಿಗಳ ಕೈಯಲ್ಲಿರುವುದು ಎಪಿಎಸ್-ಸಿ ಅಳತೆಯ, ಅಂದರೆ ಸುಮಾರು 23.5 ಎಂಎಂ ಅಗಲದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇರುವ ಕ್ಯಾಮೆರಾ. ಅದಕ್ಕೆ 150-600 ಎಂಎಂ ಜೂಮ್ ಲೆನ್ಸು ಹಾಕಿ, 600ಕ್ಕೆ ಎಳೆದು, ಎಫ್/6.3ರಲ್ಲಿ (ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಕಿಂಡಿ ಅಗಲ, ಚೂಪಾಗಿ ಬರುವ ಜಾಗ ಕಡಿಮೆ) 10 ಮೀಟರ್ ದೂರದ ಹಕ್ಕಿಯನ್ನು ಹಿಡಿದರೆ ಮುಂದಿನಿಂದ ಹಿಂದಕ್ಕೆ ಚೂಪಾಗಿ ಬರುವ ಜಾಗ ಸುಮಾರು ಆರೂವರೆ ಸೆಂಟಿಮೀಟರ್. ಅದೇ ಕ್ಯಾಮೆರಾಗೆ 50 ಎಂಎಂ ಲೆನ್ಸು ಹಾಕಿ, ಎಫ್/1.8ರಲ್ಲಿ ಒಂದೂವರೆ ಮೀಟರ್ ದೂರದ ಮುಖವನ್ನು ಹಿಡಿದರೆ ಸಿಗುವುದು ಆರು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಎರಡೂ ಕಡೆ ಹೆಚ್ಚು ಕಡಿಮೆ ಮೂರು ಬೆರಳಿನ ಅಗಲ. ಹಕ್ಕಿಯ ಕಣ್ಣು ಚೂಪಾಗಿದ್ದರೆ ಬಾಲ ಮಸುಕಾದರೂ ಚಿತ್ರ ನಿಲ್ಲುತ್ತದೆ, ಬಾಲ ಚೂಪಾಗಿ ಕಣ್ಣು ಮಸುಕಾದರೆ ಅದನ್ನು ಅಳಿಸುವುದೇ ಸರಿ. ಮುಖಕ್ಕೂ ಇದೇ ಮಾತು. ಮೂಗಿನ ತುದಿಯಿಂದ ಕಿವಿಯವರೆಗೆ 10-12 ಸೆಂಟಿಮೀಟರ್ ಇರುತ್ತದೆ, ಆರು ಸೆಂಟಿಮೀಟರಿನಲ್ಲಿ ಅದೆಲ್ಲ ಹಿಡಿಸುವುದಿಲ್ಲ. ಕ್ಯಾಮೆರಾಗೆ ಹತ್ತಿರವಿರುವ ಕಣ್ಣಿನ ಮೇಲೆಯೇ ಫೋಕಸ್ ಕೂರಬೇಕು.

50 ಎಂಎಂ ಎಫ್/1.8 ಲೆನ್ಸು ಕೊಂಡವರೆಲ್ಲ ಮೊದಲ ತಿಂಗಳು ಮಾಡುವ ತಪ್ಪು ಇಲ್ಲಿದೆ. ಹಿನ್ನೆಲೆ ಕರಗಿ ಹೋಗುವ ಚೆಂದಕ್ಕೆ ಮರುಳಾಗಿ ಎಲ್ಲವನ್ನೂ 1.8ರಲ್ಲೇ ತೆಗೆಯುತ್ತಾರೆ. ಮಧ್ಯದ ಚುಕ್ಕೆಯಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಚೌಕಟ್ಟು ಸರಿಪಡಿಸಲು ಕ್ಯಾಮೆರಾ ತಿರುಗಿಸುತ್ತಾರೆ. ಅಷ್ಟರಲ್ಲಿ ಎದುರಿಗಿದ್ದವರು ಉಸಿರೆಳೆದು ಒಂದು ಅಂಗುಲ ಹಿಂದೆ ಸರಿದಿರುತ್ತಾರೆ. ಮೂಗುತಿ ಚೂಪು, ಕಣ್ಣು ಮಸುಕು. ಎಫ್/2.8ಕ್ಕೆ ಬಂದರೆ ಒಂಬತ್ತೂವರೆ ಸೆಂಟಿಮೀಟರ್, ಎಫ್/4ಕ್ಕೆ ಸುಮಾರು ಹದಿಮೂರೂವರೆ ಸೆಂಟಿಮೀಟರ್ ಸಿಗುತ್ತದೆ. ಹಿನ್ನೆಲೆ ಕರಗಬೇಕೆಂದರೆ ಎಫ್ ಸಂಖ್ಯೆ ಇಳಿಸುವುದೊಂದೇ ದಾರಿಯಲ್ಲ. ಕೂತವರನ್ನು ಗೋಡೆಯಿಂದ ಎರಡು ಮೀಟರ್ ಮುಂದೆ ಕೂರಿಸಿದರೆ ಎಫ್/2.8ರಲ್ಲೂ ಗೋಡೆ ಮೆತ್ತಗಾಗುತ್ತದೆ. ಹಕ್ಕಿಯ ವಿಷಯದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. ಪೊದೆಯೊಳಗೆ ಕೂತ ಪಿಕಳಾರದ ಹಿಂದೆ ಎಲೆ ಕಡ್ಡಿಗಳ ಗೋಜಲು ಬರುತ್ತದೆ. ಅದೇ ಹಕ್ಕಿ ಬೇಲಿಯ ತುದಿಗೆ ಬಂದು ಕೂತರೆ, ಹಿಂದಿನ ತೋಟ 20 ಮೀಟರ್ ಆಚೆ ಇರುವುದರಿಂದ, ಹಸಿರು ರೇಷ್ಮೆ ಹಾಸಿದ ಹಾಗೆ ಕಾಣುತ್ತದೆ. ಅಷ್ಟು ಗೊತ್ತಿದ್ದವರೇ ಮನೆಯವರನ್ನು ಮಾತ್ರ ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ.

ದೂರಕ್ಕೆ ಇನ್ನೊಂದು ಕೆಲಸವಿದೆ. ಮುಖದ ಆಕಾರವನ್ನು ತೀರ್ಮಾನಿಸುವುದು ಲೆನ್ಸಲ್ಲ, ನಾವು ನಿಂತ ದೂರ. ಅರ್ಧ ಮೀಟರಿನಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು, ಮುಖ ಕಿರಿದಾಗಿ ಕಾಣುತ್ತದೆ. ಒಂದೂವರೆ ಎರಡು ಮೀಟರಿಗೆ ಹೋದರೆ ಎದುರು ಕೂತು ಮಾತಾಡುವಾಗ ಕಾಣುವ ಮುಖವೇ ಬರುತ್ತದೆ. ಮೊಬೈಲಿನಲ್ಲಿ ತೆಗೆದ ಮುಖಗಳು 'ನಮ್ಮಮ್ಮನ ಹಾಗೆ ಇಲ್ವಲ್ಲ' ಅನ್ನಿಸಲು ಮುಖ್ಯ ಕಾರಣ ಇದು. ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದು, ಮುಖ ತುಂಬಿಸಬೇಕೆಂದರೆ ಹತ್ತಿರ ಹೋಗಲೇಬೇಕಾಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು 2 ಎಕ್ಸ್ ಒತ್ತಿ ತೆಗೆದರೆ ಅರ್ಧ ಸಮಸ್ಯೆ ಮುಗಿಯಿತು.

ಹಕ್ಕಿಯ ಕಡೆ ದೂರದ ಲೆಕ್ಕ ದುಡ್ಡಿನ ಲೆಕ್ಕವೂ ಹೌದು. 600 ಎಂಎಂನಲ್ಲಿ 20 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 78 ಸೆಂಟಿಮೀಟರ್. 28 ಸೆಂಟಿಮೀಟರ್ ಉದ್ದದ ಬಿಳಿ ಎದೆಯ ಮಿಂಚುಳ್ಳಿ ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಜಾಗ ತುಂಬುತ್ತದೆ. 300 ಎಂಎಂ ಲೆನ್ಸಿನವರಿಗೆ ಇಷ್ಟೇ ದೊಡ್ಡ ಹಕ್ಕಿ ಬೇಕೆಂದರೆ 10 ಮೀಟರಿಗೆ ಹೋಗಬೇಕು. ದೂರ ಅರ್ಧ ಮಾಡುವುದೂ ಲೆನ್ಸು ದುಪ್ಪಟ್ಟು ಮಾಡುವುದೂ ಚೌಕಟ್ಟಿನ ಮಟ್ಟಿಗೆ ಒಂದೇ. ಲೆನ್ಸಿಗೆ ಲಕ್ಷ ರೂಪಾಯಿ ಸುರಿಯುವ ಮುಂಚೆ ಒಂದು ಚಳಿಗಾಲ ಪೂರ್ತಿ 70-300ರಲ್ಲಿ ಆ 10 ಮೀಟರನ್ನು ಗಳಿಸುವುದು ಹೇಗೆಂದು ಕಲಿತವರು ಆಮೇಲೆ ಯಾವ ಲೆನ್ಸು ಹಿಡಿದರೂ ಬೇರೆಯದೇ ಚಿತ್ರ ತರುತ್ತಾರೆ.

ಗೆರೆ ದಾಟಿದ್ದು ಗೊತ್ತಾಗುವುದು ಹೇಗೆ

ಪ್ರತಿ ಹಕ್ಕಿಗೂ ಒಂದು ಸಹನೆಯ ಗೆರೆ ಇರುತ್ತದೆ. ಅದು ಜಾತಿಯಿಂದ ಜಾತಿಗೆ, ಊರಿನಿಂದ ಊರಿಗೆ ಬದಲಾಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಬಣ್ಣದ ಕೊಕ್ಕರೆ, ಬಾಯ್ಕಳಕ ಎಂಬ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು 300 ಎಂಎಂಗೇ ಚೌಕಟ್ಟು ತುಂಬುವಷ್ಟು ಹತ್ತಿರ ಸಿಗುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ರಕ್ಷಿತ ತಾಣವಾದ ಜಾಗ ಅದು. ತಲೆಮಾರುಗಳಿಂದ ಆ ಹಕ್ಕಿಗಳು ಹುಟ್ಟು ಹಾಕುವ ದೋಣಿಯನ್ನು ಬಂಡೆಯ ಮೇಲಿನ ಮೊಸಳೆಯಂತೆಯೇ ಹೊಳೆಯ ಒಂದು ಭಾಗ ಎಂದುಕೊಂಡಿವೆ. ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು (ಪೆಲಿಕನ್) ಮನೆಯ ಪಕ್ಕದ ಹುಣಸೆ ಮರದಲ್ಲೇ ಮರಿ ಮಾಡುತ್ತವೆ, ಕೆಳಗೆ ಎತ್ತಿನಗಾಡಿ ಓಡಾಡಿದರೂ ಕತ್ತು ಎತ್ತುವುದಿಲ್ಲ. ಅದೇ ಬಾಯ್ಕಳಕ ಯಾವುದೋ ಊರಿನ ಕೆರೆಯಂಗಳದಲ್ಲಿ, ಗದ್ದೆಯ ಬದುವಿನ ಮೇಲೆ ನಿಂತ ಮನುಷ್ಯನನ್ನು ಕಂಡರೆ 60 ಮೀಟರಿನಲ್ಲೇ ಎದ್ದು ಹೋಗುತ್ತದೆ.

ಗೆರೆ ದಾಟಿದ್ದನ್ನು ಹಕ್ಕಿಯೇ ಹೇಳುತ್ತದೆ. ಮೇಯುವುದು ನಿಲ್ಲುತ್ತದೆ. ಕತ್ತು ಉದ್ದವಾಗುತ್ತದೆ, ಮೈಗರಿಗಳು ಬಿಗಿಯಾಗಿ ಅಂಟಿಕೊಂಡು ಹಕ್ಕಿ ತೆಳ್ಳಗಾದಂತೆ ಕಾಣುತ್ತದೆ. ಒಂದು ಕಣ್ಣು ನಿಮ್ಮ ಕಡೆ ನೆಟ್ಟಿರುತ್ತದೆ. ಹಿಕ್ಕೆ ಹಾಕಿ, ಕಾಲು ಮಡಚಿ ಮೈ ಮುಂದಕ್ಕೆ ಬಾಗಿಸಿತೆಂದರೆ ಹಾರುವುದಕ್ಕೆ ಒಂದೆರಡು ಸೆಕೆಂಡು ಮಾತ್ರ ಉಳಿದಿದೆ. ಆಗ ಮುಂದೆ ಹೆಜ್ಜೆ ಇಡಬಾರದು, ಹಿಂದಕ್ಕೂ ದಡಬಡ ಸರಿಯಬಾರದು. ನಿಂತಲ್ಲೇ ಮೆಲ್ಲಗೆ ಕೂತು, ಲೆನ್ಸು ಇಳಿಸಿ, ಬೇರೆ ಕಡೆ ಮುಖ ಮಾಡಿದರೆ ಹಲವು ಸಲ ಹಕ್ಕಿ ಉಳಿಯುತ್ತದೆ. ಹತ್ತು ಹದಿನೈದು ನಿಮಿಷದ ಮೇಲೆ ಅದು ಮೈ ಕೊಡವಿ, ಗರಿ ಉಬ್ಬಿಸಿ, ಕೊಕ್ಕಿನಿಂದ ರೆಕ್ಕೆ ತೀಡಲು ಶುರು ಮಾಡುತ್ತದಲ್ಲ, ಆ ಹೊತ್ತಿಗೆ ತೆಗೆದ ಒಂದು ಚಿತ್ರ ಮೊದಲಿನ ಇನ್ನೂರಕ್ಕೆ ಸಮ. ಹಕ್ಕಿ ನಮ್ಮನ್ನು ಮರೆತದ್ದು ಅದರಲ್ಲಿ ಕಾಣುತ್ತದೆ. ಕರ್ನಾಟಕದ ಹಿರಿಯ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆಯವರ ಕಾಲದಲ್ಲಿ ಒಂದು ರೋಲಿಗೆ 36 ಫ್ರೇಮು, ನಿಧಾನದ ಫಿಲ್ಮು, ಕೈಯಲ್ಲೇ ತಿರುಗಿಸಬೇಕಾದ ಫೋಕಸ್. ಮರೆಯಲ್ಲಿ ಗಂಟೆಗಟ್ಟಲೆ ಕೂರದೆ ಗತಿಯಿರಲಿಲ್ಲ. ಈಗಿನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕುತ್ತದೆ. ಹಕ್ಕಿ ನಮ್ಮನ್ನು ಮರೆಯಲು ತೆಗೆದುಕೊಳ್ಳುವ ಹೊತ್ತನ್ನು ಮಾತ್ರ ಯಾವ ಕ್ಯಾಮೆರಾವೂ ಕಡಿಮೆ ಮಾಡಿಲ್ಲ.

ಗೂಡಿನ ವಿಷಯ ಇಲ್ಲೇ ಹೇಳಿಬಿಡಬೇಕು. ಮೊಟ್ಟೆ ಮರಿಗಳಿರುವ ಹಕ್ಕಿಯ ಸಹನೆಯ ಗೆರೆ ಹತ್ತಿರಕ್ಕೆ ಬಂದಂತೆ ತೋರುತ್ತದೆ. ಅದು ಸಹನೆಯಲ್ಲ, ಬಿಟ್ಟು ಹೋಗಲಾರದ ಸಂಕಟ. ತಾಯಿ ಎದ್ದು ಹೋದ ಹತ್ತು ನಿಮಿಷದಲ್ಲಿ ಏಪ್ರಿಲ್ ಬಿಸಿಲು ಮೊಟ್ಟೆಯನ್ನು ಕೆಡಿಸಬಲ್ಲದು, ನಾವು ಎಲ್ಲಿ ಇಣುಕುತ್ತಿದ್ದೇವೆಂದು ಕಾಗೆ ನೋಡುತ್ತಿರುತ್ತದೆ. ಚಿತ್ರಕ್ಕೆ ಅಡ್ಡ ಬಂತೆಂದು ಎರಡು ಎಲೆ ಕಿತ್ತರೆ ಗೂಡಿನ ನೆರಳೂ ಮರೆಯೂ ಒಟ್ಟಿಗೇ ಹೋಯಿತು. ಬಣ್ಣದ ಕೊಕ್ಕರೆಗಳಂತೆ ನೂರಾರು ಗೂಡುಗಳಿರುವ, ದೋಣಿಗೆ ಒಗ್ಗಿದ ತಾಣ ಬೇರೆ, ಹಿತ್ತಲಿನ ದಾಸವಾಳದಲ್ಲಿ ತೂಗುವ ಸೂರಕ್ಕಿಯ ಒಂಟಿ ಗೂಡು ಬೇರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಹೀಗೆಯೇ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಹಕ್ಕಿ ಮೇವು ಬಿಟ್ಟು ಹುಡುಕಾಡುತ್ತದೆ, ಆ ಮುಖದಲ್ಲಿ ಕಾಣುವುದು ಕಳವಳ. ಇದನ್ನು ಬಲ್ಲವರು ಚಿತ್ರ ನೋಡಿದ ಕೂಡಲೇ ಗುರುತಿಸುತ್ತಾರೆ.

ಬೆಳ್ಳಕ್ಕಿ, ಕಾಜಾಣ, ಸುಣ್ಣದ ಗೋಡೆ

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಯಾವುದು ಬಿಳಿ, ಯಾವುದು ಕಪ್ಪು ಎಂದು ಗೊತ್ತಿಲ್ಲ. ಎದುರಿಗೆ ಇರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಎಂದುಕೊಂಡು ಅದು ಲೆಕ್ಕ ಹಾಕುತ್ತದೆ. ಕಪ್ಪು ನೀರಿನ ಮುಂದೆ ಸಣ್ಣದಾಗಿ ನಿಂತ ಬೆಳ್ಳಕ್ಕಿಯನ್ನು ತೆಗೆದರೆ, ಚೌಕಟ್ಟಿನ ತುಂಬ ಕಪ್ಪೇ ಇದೆಯೆಂದು ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಗರಿಗಳೆಲ್ಲ ಕರಗಿ ಬಿಳಿ ಕಾಗದದ ಚೂರಿನಂತಾಗುತ್ತದೆ. ಅಲ್ಲಿ ಕ್ಯಾಮೆರಾದ ಪ್ಲಸ್-ಮೈನಸ್ ಆಯ್ಕೆಯಲ್ಲಿ (ಎಕ್ಸ್‌ಪೋಶರ್ ಕಾಂಪೆನ್ಸೇಶನ್) ಮೈನಸ್ 1, ಬಿಸಿಲು ಜೋರಿದ್ದರೆ ಮೈನಸ್ 1.3 ಕೊಡಬೇಕು. ಅದೇ ಬೆಳ್ಳಕ್ಕಿ ಚೌಕಟ್ಟು ತುಂಬಿದರೆ ಲೆಕ್ಕ ತಿರುಗುಮುರುಗು: ಬಿಳಿಯನ್ನು ಬೂದಾಗಿಸಲು ಹೊರಡುವ ಕ್ಯಾಮೆರಾಗೆ ಪ್ಲಸ್ 0.7 ಕೊಟ್ಟು ತಡೆಯಬೇಕು. ವಿದ್ಯುತ್ ತಂತಿಯ ಮೇಲೆ, ಬೆಳ್ಳನೆಯ ಆಕಾಶದ ಮುಂದೆ ಕೂತ ಕಾಜಾಣಕ್ಕೆ ಪ್ಲಸ್ 1.3ರಿಂದ 2. ಆಕಾಶ ಬಿಳಿಯಾಗಿ ಹೋಗಲಿ ಬಿಡಿ, ಕಾಜಾಣದ ಮೈಯ ನೀಲಿ ಮಿಂಚು ಕಾಣಬೇಕು.

ಈಗ ಇದನ್ನೇ ಮನೆಗೆ ತನ್ನಿ. ಕಪ್ಪು ಮೈಬಣ್ಣದ ಅಜ್ಜ ಸುಣ್ಣ ಬಳಿದ ಗೋಡೆಯ ಮುಂದೆ ಕೂತರೆ ಅದು ಕಾಜಾಣದ ಲೆಕ್ಕ, ಪ್ಲಸ್ 0.7ರಿಂದ 1. ಅದೇ ಅಜ್ಜ ಕತ್ತಲೆ ನಡುಮನೆಯ ಬಾಗಿಲಿನ ಚೌಕಟ್ಟಿನಲ್ಲಿ ಕೂತು ಬೆಳಕು ಮುಂದಿನಿಂದ ಬಿದ್ದರೆ ಅದು ಬೆಳ್ಳಕ್ಕಿಯ ಲೆಕ್ಕ, ಮೈನಸ್ 0.7. ಮುಖ ಗುರುತಿಸಿ ಬೆಳಕು ಅಳೆಯುವ ಹೊಸ ಕ್ಯಾಮೆರಾಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಅವೂ ಮೊಬೈಲುಗಳೂ ಕಪ್ಪು ಮುಖವನ್ನು ತಾವಾಗಿಯೇ ಬೆಳ್ಳಗಾಗಿಸಲು ನೋಡುತ್ತವೆ. ಬ್ಯೂಟಿ ಮೋಡ್ ಎಂಬುದನ್ನು ಮೊದಲು ಆರಿಸಿ. ಹೊಲದಲ್ಲಿ ದುಡಿದ ಮೈಬಣ್ಣ, ಹಣೆಯ ಗೆರೆ, ತುಟಿಯ ಮೇಲಿನ ಎಲೆ ಅಡಿಕೆಯ ಕೆಂಪು, ಇವೆಲ್ಲ ಆ ಮನುಷ್ಯನವು. ಬೆಳ್ಳಕ್ಕಿಯ ಒಂದು ಗರಿ ಕರಗಿತೆಂದು ಕೊರಗುವವರು ಅಜ್ಜನ ಮುಖದ ಗೆರೆಗಳನ್ನೆಲ್ಲ ಒರೆಸಿ ಹಾಕುವುದನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ.

ಮಸುಕು ಬಂದದ್ದು ಎಲ್ಲಿಂದ

ಈ ಹವ್ಯಾಸದ ದೊಡ್ಡ ಬೇಸರ ಇರುವುದು ಕಾಡಿನಲ್ಲಲ್ಲ, ರಾತ್ರಿ ಕಂಪ್ಯೂಟರ್ ಮುಂದೆ. ಮುಂಜಾನೆ ನಾಲ್ಕಕ್ಕೆ ಎದ್ದು ಹೋಗಿ ತಂದ 900 ಚಿತ್ರಗಳಲ್ಲಿ 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿದಾಗ ಎಂಟು ಒಂಬತ್ತು ಉಳಿದರೆ ಹೆಚ್ಚು. ಹೆಚ್ಚಿನವರು ಆಗ ಲೆನ್ಸನ್ನು ಬಯ್ಯುತ್ತಾರೆ. ಬಯ್ಯುವ ಮೊದಲು ಮಸುಕನ್ನು ಓದಬೇಕು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ನೀರಿನ ಮೇಲಿನ ಮಿನುಗು ಚುಕ್ಕೆಯಾಗಿರದೆ ಗೀಟಾಗಿದ್ದರೆ, ಕೈ ನಡುಗಿದೆ. 600 ಎಂಎಂಗೆ ಎಪಿಎಸ್-ಸಿಯಲ್ಲಿ ಹಳೆಯ ಲೆಕ್ಕದಂತೆ ಕನಿಷ್ಠ 1/900 ಸೆಕೆಂಡಿನ ಷಟರ್ ವೇಗ ಬೇಕು. ಲೆನ್ಸಿನ ಸ್ಥಿರಕಾರಿ ಇದನ್ನು ಇಳಿಸುತ್ತದೆ, ದೋಣಿಯಲ್ಲಿ ಮಾತ್ರ ಅದನ್ನು ನಂಬಿ 1/1000ಕ್ಕಿಂತ ಕೆಳಗೆ ಹೋಗಬೇಡಿ. ಕೊಂಬೆ ಚೂಪಾಗಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಅಲುಗಾಡಿದ್ದು ಹಕ್ಕಿ: ಕೂತು ತಲೆ ತಿರುಗಿಸುವ ಸಣ್ಣ ಹಕ್ಕಿಗೆ 1/800, ಹಾರುವ ಕೊಕ್ಕರೆಗೆ 1/1600, ನೀರಿಗೆ ಧುಮುಕುವ ರೀವ ಹಕ್ಕಿಗೆ 1/3200. ಹಕ್ಕಿ ಮಸುಕಾಗಿ ಅದರ ಹಿಂದಿನ ಅಥವಾ ಮುಂದಿನ ಎಲೆ ಚೂಪಾಗಿದ್ದರೆ ಫೋಕಸ್ ತಪ್ಪಿದೆ.

ನಾಲ್ಕನೆಯ ಮಸುಕು ಎಲ್ಲರನ್ನೂ ದಾರಿ ತಪ್ಪಿಸುವಂಥದ್ದು. ಷಟರ್ 1/2000 ಇದೆ, ಫೋಕಸ್ ಕಣ್ಣಿನ ಮೇಲೇ ಇದೆ, ಆದರೂ ಚಿತ್ರದಲ್ಲಿ ಯಾವುದೂ ಚೂಪಾಗಿಲ್ಲ, ಅಂಚುಗಳೆಲ್ಲ ನೀರಿನೊಳಗಿನಿಂದ ನೋಡಿದ ಹಾಗೆ. ಹತ್ತರಲ್ಲಿ ಎಂಟು ಸಲ ಅದು ಬಿಸಿಗಾಳಿ. ಬೆಳಿಗ್ಗೆ ಒಂಬತ್ತರ ಮೇಲೆ ಕೆರೆಯಂಗಳ, ಹುಲ್ಲುಗಾವಲು, ಟಾರು ರಸ್ತೆಯ ಮೇಲಿನ ಗಾಳಿ ಕಾದು ಏಳುತ್ತದೆ, ಬಿಸಿ ತಂಪು ಪದರಗಳು ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಬಾಗಿಸುತ್ತವೆ. 60 ಮೀಟರ್ ದೂರದ ಹಕ್ಕಿಗೂ ನಮಗೂ ನಡುವೆ ಅಷ್ಟೂ ಕುದಿಯುವ ಗಾಳಿ ಇರುತ್ತದೆ. ಇದಕ್ಕೆ ಐದು ಲಕ್ಷದ ಲೆನ್ಸಿನಲ್ಲೂ ಮದ್ದಿಲ್ಲ. ಕಾರಿನ ಕಿಟಕಿಯಿಂದ ತೆಗೆಯುವವರಿಗೆ ಇನ್ನೊಂದು ಕಾಟ: ಒಳಗಿನ ಎಸಿ ತಂಪು ಹೊರಗಿನ ಬಿಸಿಯೊಂದಿಗೆ ಕಿಟಕಿಯಲ್ಲೇ ಬೆರೆತು ಇದೇ ಅಲೆ ಎಬ್ಬಿಸುತ್ತದೆ, ಕಾದ ಬಾನೆಟ್ಟಿನ ಮೇಲಿಂದ ಗುರಿ ಇಟ್ಟರಂತೂ ಕೇಳುವುದೇ ಬೇಡ. ಎಂಜಿನ್ ನಿಲ್ಲಿಸಿ, ಎಸಿ ಆರಿಸಿ, ಎಲ್ಲ ಗಾಜು ಇಳಿಸಿ ಐದು ನಿಮಿಷ ಬಿಟ್ಟು ತೆಗೆಯಬೇಕು. ಅದಕ್ಕಿಂತ ಒಳ್ಳೆಯದೆಂದರೆ ಒಂಬತ್ತಕ್ಕೆ ಲೆನ್ಸು ಮುಚ್ಚಿ ತಿಂಡಿಗೆ ಹೋಗುವುದು.

ಮಸುಕಿಗೆ ಹೆದರಬೇಕು, ನಾಯ್ಸ್‌ಗೆ ಅಷ್ಟು ಹೆದರಬೇಕಾಗಿಲ್ಲ. ಐಎಸ್ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ರ ಕಾಳು ಕಾಳು ಈಗಿನ ತಂತ್ರಾಂಶಗಳಲ್ಲಿ ಹೋಗುತ್ತದೆ, 1/200ರಲ್ಲಿ ಅಲುಗಾಡಿದ ಕಣ್ಣು ಸರಿಹೋಗುವುದಿಲ್ಲ. ಹಾರಾಟಕ್ಕೆ ಒಂದೇ ಮಾತು: ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ಸಿಗುತ್ತದೆ, ಇಲ್ಲದಿದ್ದರೆ ದಿನವಿಡೀ ಬಾಲದ ಚಿತ್ರವೇ.

ಜಗಲಿ

ಡಿಸೆಂಬರ್ ಕೊನೆ, ಅವರೆಕಾಯಿ ಕಾಲ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ, ಮೊರ ಮುಂದಿಟ್ಟುಕೊಂಡು ಕೂತಿದ್ದಾಳೆ. ಮೊಮ್ಮಗ ಕ್ಯಾಮೆರಾ ಎತ್ತಿದ. 'ಅಜ್ಜಿ, ಇತ್ಲಾಗ್ ನೋಡು.' ಮರುಕ್ಷಣ ಕೈ ಸೆರಗಿಗೆ ಹೋಯಿತು, ಭುಜ ಮೇಲೆದ್ದಿತು, ಉಸಿರು ನಿಂತಿತು, ತುಟಿ ಬಿಗಿಯಾಯಿತು. 'ಇರೋ, ಈ ಹಳೇ ಸೀರೇಲಾ? ಬದ್ಲಾಯಿಸ್ಕೊಂಡ್ ಬರ್ತೀನಿ.' ಕತ್ತು ಉದ್ದ ಮಾಡಿ, ಗರಿ ಬಿಗಿದು ನಿಂತ ಬಾಯ್ಕಳಕವನ್ನು ನೂರು ಸಲ ನೋಡಿದ ಮೊಮ್ಮಗನಿಗೆ ಇದೂ ಅದೇ ಎಂದು ಹೊಳೆಯುವುದಿಲ್ಲ. 'ಅಯ್ಯೋ, ಹಾಗೇ ಇರಜ್ಜಿ, ನ್ಯಾಚುರಲ್ ಆಗಿರು' ಅನ್ನುತ್ತಾನೆ. ಆ ಮಾತು ಕೇಳಿ ಸಹಜವಾಗಿ ಇರಬಲ್ಲವರು ಯಾರೂ ಇಲ್ಲ.

ಸೀರೆ ಬದಲಾಯಿಸಲಿ. ಹೊಸ ಸೀರೆ ಉಟ್ಟು, ಕುಂಕುಮ ಇಟ್ಟು, ಕುರ್ಚಿಯ ಮೇಲೆ ನೆಟ್ಟಗೆ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟು ಕ್ಯಾಮೆರಾವನ್ನೇ ನೋಡುವ ಆ ಚಿತ್ರವನ್ನು ಮೊದಲು ಶ್ರದ್ಧೆಯಿಂದ ತೆಗೆಯಿರಿ. ಆ ಬಿಗಿಯನ್ನು ಕೃತಕ ಎಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ತಾನು ಹೀಗೆ ಕಾಣಬೇಕೆಂದು ಅಜ್ಜಿ ತೀರ್ಮಾನಿಸಿದ್ದಾಳೆ, ಸ್ಟುಡಿಯೊದಲ್ಲಿ ಬಣ್ಣದ ಪರದೆಯ ಮುಂದೆ ನಿಂತ ಅವಳ ಮದುವೆಯ ಫೋಟೊದಲ್ಲೂ ಅವಳು ಹೀಗೆಯೇ ಇದ್ದಾಳೆ. ಗೋಡೆಗೆ ಹಾಕಲು ಅವಳು ಆರಿಸುವುದೂ ಅದನ್ನೇ ಇರಬಹುದು. ಒಂದು ಉಪಾಯ ಮಾತ್ರ ಇದೆ: 'ಆಯ್ತಜ್ಜಿ' ಎಂದು ಹೇಳಿ, ಕ್ಯಾಮೆರಾ ಇಳಿಸದೆ ಎರಡು ಸೆಕೆಂಡು ಕಾಯುವುದು. ಭುಜ ಇಳಿಯುತ್ತದೆ, ಹಿಡಿದ ಉಸಿರು ಹೊರಗೆ ಬರುತ್ತದೆ, ಕಣ್ಣಿನ ಸುತ್ತ ಒಂದು ನಗು ಹರಡುತ್ತದೆ. ಹಕ್ಕಿ ಮೈ ಕೊಡವುವುದೂ ಇದೂ ಒಂದೇ.

ಆಮೇಲೆ ಮತ್ತೆ ಮೊರ ಕೊಡಿ. ಕೈಗೆ ಕೆಲಸ ಸಿಕ್ಕರೆ ಮುಖ ತನ್ನ ಪಾಡಿಗೆ ತಾನಿರುತ್ತದೆ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಅಡಿಕೆ ಕತ್ತರಿಸುವುದು, ಬತ್ತಿ ಹೊಸೆಯುವುದು, ಯಾವುದಾದರೂ ಸರಿ. ಪೂರ್ವಕ್ಕೆ ಮುಖ ಮಾಡಿದ ಜಗಲಿಯಾದರೆ ಎಂಟು ಗಂಟೆಗೆ ಬಿಸಿಲು ನೇರ ಮುಖಕ್ಕೆ ಹೊಡೆದು ಕಣ್ಣು ಕಿರಿದಾಗುತ್ತದೆ. ಹೊತ್ತೇರಿ ಸೂರಿನ ನೆರಳು ಜಗಲಿಯ ಅಂಚಿಗೆ ಬಂದಾಗ ಒಳ್ಳೆಯ ಹೊತ್ತು: ಅಜ್ಜಿ ನೆರಳಿನಲ್ಲಿ, ಬಿಸಿಲು ಅಂಗಳದಲ್ಲಿ, ಅಂಗಳದಿಂದ ಮೇಲೆದ್ದ ಮೆತ್ತನೆಯ ಬೆಳಕು ಮುಖದ ಮೇಲೆ. ಅಂಗಳ ಕೆಂಪು ಮಣ್ಣಿನದಾದರೆ ಆ ಬೆಳಕೂ ಬೆಚ್ಚಗಿರುತ್ತದೆ. ಗಲ್ಲದ ಕೆಳಗೆ ನೆರಳು ಗಾಢವಾಗಿದ್ದರೆ ಒಂದು ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಮುಂದೆ ಮೆಟ್ಟಿಲ ಮೇಲೆ ಹಾಸಿ, ಯಾವ ರಿಫ್ಲೆಕ್ಟರೂ ಬೇಡ. ಅಡಿಕೆ ತೋಟದ ನಡುವೆ ನಿಲ್ಲಿಸಿ ತೆಗೆಯುವ ಆಸೆ ಮಲೆನಾಡಿನವರಿಗೆ ಸಹಜ, ಆದರೆ ಎಲೆಗಳ ಮೂಲಕ ಸೋಸಿ ಬರುವ ಬೆಳಕು ಮುಖಕ್ಕೆ ಹಸಿರು ಬಳಿಯುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವ ಆಯ್ಕೆ) ತಿದ್ದಿದರೆ ಮುಖ ಸರಿಯಾಗಿ ತೋಟ ನೇರಳೆಯತ್ತ ವಾಲುತ್ತದೆ. ತೋಟದ ಅಂಚಿಗೆ ಬಂದು, ಆಕಾಶ ಕಾಣುವ ಕಡೆ ಮುಖ ಮಾಡಿಸಿದರೆ ಸಾಕು.

ನೀವು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಳ್ಳಿ, ಕ್ಯಾಮೆರಾ ಅವಳ ಕಣ್ಣಿನ ಮಟ್ಟಕ್ಕೆ ಬರಬೇಕು. 50 ಎಂಎಂ, ಎಫ್/2.8, ಐಎಸ್ಓ 400, ಷಟರ್ 1/250ರ ಸುತ್ತಮುತ್ತ, ಏಕೆಂದರೆ ಸುಲಿಯುವ ಬೆರಳು ವೇಗವಾಗಿ ಓಡುತ್ತದೆ. ಕನ್ನಡಕ ಇದ್ದರೆ ಅಂಗಳದ ಬಿಸಿಲು ಗಾಜಿನ ಮೇಲೆ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಕಡ್ಡಿಗಳನ್ನು ಕಿವಿಯಿಂದ ಅರ್ಧ ಅಂಗುಲ ಮೇಲೆತ್ತಿ ಕೂರಿಸಿದರೆ ಗಾಜು ಕೆಳಕ್ಕೆ ಬಾಗುತ್ತದೆ, ಬಿಳಿ ಪಟ್ಟಿ ಕೆಲವೊಮ್ಮೆ ಕಣ್ಣಿನ ಮುಂದಿನಿಂದ ಸರಿದು ಹೋಗುತ್ತದೆ. ಹೋಗದಿದ್ದರೆ ಮುಖವನ್ನು ಬಾಗಿಲ ಕಡೆಗೆ ಒಂದಿಷ್ಟು ತಿರುಗಿಸಬೇಕು. ಕನ್ನಡಕ ತೆಗೆಸಬೇಡಿ, 30 ವರ್ಷ ಹಾಕಿಕೊಂಡವರ ಮುಖ ಅದಿಲ್ಲದೆ ಬೇರೆಯೇ ಆಗುತ್ತದೆ. ಕಣ್ಣಿನಲ್ಲಿ ಅಂಗಳದ ಬೆಳಕಿನ ಒಂದು ಚುಕ್ಕೆ ಹೊಳೆಯುತ್ತಿದೆಯೇ ನೋಡಿ. ಮಿಂಚುಳ್ಳಿಯ ಕಣ್ಣಿನಲ್ಲಿ ಅದಿಲ್ಲದಿದ್ದರೆ ಚಿತ್ರ ಸತ್ತಂತೆ ಎಂದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಹಳೆಯದೇನನ್ನಾದರೂ ಕೇಳಿ: ಅವಳ ತವರಿನ ಬಾವಿ, ಮೊದಲ ಬಸ್ಸು ಬಂದ ವರ್ಷ, ತಮ್ಮನಿಗೆ ಈಜು ಕಲಿಸಿದ್ದು. ಉತ್ತರ ಹೇಳುವಾಗ ಬಾಯಿ ತೆರೆದಿರುತ್ತದೆ, ಆಗ ತೆಗೆಯಬೇಡಿ. ಹೇಳಿ ಮುಗಿಸಿ, ಆ ಕಾಲವನ್ನು ನೆನೆಯುತ್ತ ಅರೆಕ್ಷಣ ಸುಮ್ಮನಾಗುತ್ತಾಳಲ್ಲ, ಆಗ ಒತ್ತಿ. ಒಂದು ಗಂಟೆಯಲ್ಲಿ ಅಂಥ ಕ್ಷಣ ನಾಲ್ಕೋ ಐದೋ ಬರುತ್ತದೆ. ಕೊಂಬೆಯ ಮೇಲಿನ ಮಿಂಚುಳ್ಳಿ ಗಂಟೆಗೆ ಅಷ್ಟು ಸಲ ನೀರಿಗೆ ಬಿದ್ದರೆ ನಾವು ಅದನ್ನು ಭಾಗ್ಯದ ದಿನ ಅನ್ನುತ್ತೇವೆ.

ಬೂಷ್ಟು, ಮತ್ತೆ ಕಾಗದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಲೆನ್ಸಿನ ಶತ್ರು ಮಳೆಯಲ್ಲ, ಬೀರುವಿನೊಳಗಿನ ತೇವ. ಚರ್ಮದ ಚೀಲದಲ್ಲಿ ಸುತ್ತಿ ಬಟ್ಟೆಯ ನಡುವೆ ಇಟ್ಟ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ರಬ್ಬರ್ ಅಂಚಿರುವ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕೆಜಿ ಸಿಲಿಕಾ ಜೆಲ್, ಒಳಗೆ ಒಂದು ಸಣ್ಣ ತೇವ ಮಾಪಕ, ಇಷ್ಟಿದ್ದರೆ ಸಾಕು. ಮಾಪಕ ಶೇಕಡಾ 40ರಿಂದ 50ರ ನಡುವೆ ತೋರಿಸಬೇಕು. ಜೆಲ್ ಬಣ್ಣ ಬದಲಿಸಿದರೆ ಓವನ್‌ನಲ್ಲಿ 110-120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಹಾಕಬೇಕು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದು ಬೇಡ, ಅಕ್ಕಿಯ ಹಿಟ್ಟು ಸಂದುಗಳಿಗೆ ಸೇರುತ್ತದೆ. ಎಸಿ ಕಾರಿನಿಂದ ಮಂಗಳೂರಿನ ಸೆಕೆಗೆ ಇಳಿದ ಕೂಡಲೇ ಲೆನ್ಸು ಹೊರಗೆ ತೆಗೆಯಬೇಡಿ, ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ ಗಾಜಿನ ಮೇಲೆ ನೀರು ಕಟ್ಟುವುದಿಲ್ಲ.

ಹಕ್ಕಿಯ ಚಿತ್ರ ಪರದೆಯ ಮೇಲೆ ಬದುಕುತ್ತದೆ, ಅಲ್ಲಿಗೇ ಅದು ಸೇರಿದ್ದು. ಮನೆಯವರ ಚಿತ್ರ ಕಾಗದಕ್ಕೆ ಬರಬೇಕು. 8 ಇಂಚಿಗೆ 12 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2400 ಇಂಟು 3600 ಪಿಕ್ಸೆಲ್ ಬೇಕು, ಅಂದರೆ 9 ಮೆಗಾಪಿಕ್ಸೆಲಿಗಿಂತ ಕಡಿಮೆ. ಹತ್ತು ವರ್ಷದ ಹಳೆಯ ಕ್ಯಾಮೆರಾದಲ್ಲೂ ಅಷ್ಟು ಇರುತ್ತದೆ. ಲ್ಯಾಬಿನವರಿಗೆ ಮ್ಯಾಟ್ ಕಾಗದ ಕೇಳಿ, 'ಕಲರ್ ಕರೆಕ್ಷನ್ ಬೇಡ' ಎಂದು ಬರೆದುಕೊಡಿ, ಇಲ್ಲದಿದ್ದರೆ ಅಜ್ಜನ ಮುಖ ಮತ್ತೆ ಬೆಳ್ಳಗಾಗಿ ಬರುತ್ತದೆ. ಈಗಿನ ಫೋಟೊ ಕಾಗದದ ಹಿಂಬದಿ ಪ್ಲಾಸ್ಟಿಕ್ ಲೇಪನದ್ದು, ಪೆನ್ಸಿಲ್ ಹತ್ತುವುದಿಲ್ಲ, ಬಾಲ್ ಪೆನ್ನು ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಏಳುತ್ತದೆ. ತೆಳು ಮೊನೆಯ ಪರ್ಮನೆಂಟ್ ಮಾರ್ಕರಿನಲ್ಲಿ ಹೆಸರು, ಊರು, ತಾರೀಖು ಬರೆದು, ಎರಡು ನಿಮಿಷ ಒಣಗಲು ಬಿಡಿ. ಫ್ರೇಮು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಮೌಂಟ್ ಇರಲಿ, ಆ ಒಂದೆರಡು ಮಿಲಿಮೀಟರ್ ಅಂತರ ಇಲ್ಲದಿದ್ದರೆ ನಾಲ್ಕೈದು ಮಳೆಗಾಲದಲ್ಲಿ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ. ಮೊಳೆಯನ್ನು ಹೊರಗೋಡೆಗೆ ಹೊಡೆಯಬೇಡಿ, ಮಳೆಗೆ ತೇವ ಇಳಿಯುವುದು ಅದರಲ್ಲೇ. ನಡುಮನೆಯ ಒಳಗೋಡೆ, ಕಿಟಕಿಯ ಬಿಸಿಲು ನೇರ ಬೀಳದ ಜಾಗ. ಎತ್ತರ ಎಷ್ಟಿರಬೇಕೆಂದು ಅಜ್ಜಿಯನ್ನೇ ಕೇಳಿ.